ಟಿವಿಗೆ ಇಟ್ಟ ವಿಭೂತಿ

ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರದುರ್ಗದ ಕೋಟೆಯ ಫೋಟೋ ತೆಗೆಯುವ ಹುಚ್ಚು ನನಗೆ. ಆದರೆ ನನ್ನ ಸಾಧಾರಣ ಡಿಜಿಟಲ್ ಕ್ಯಾಮೆರಾ ಆ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಲೆನ್ಸಿಗೆ ಇನ್‌ಫ್ರಾರೆಡ್ ಮಾತ್ರ ಒಳಬಿಡುವ ಕಪ್ಪು ಫಿಲ್ಟರ್ ಹಾಕಿ ಬೆಳಗ್ಗೆಯೆಲ್ಲ ಬರೀ ಕತ್ತಲೆ ತೆಗೆದೆ. ಸಿಟ್ಟಿನಲ್ಲೇ ಭರಮಸಾಗರದ ಹೋಟೆಲಿಗೆ ಟೀ ಕುಡಿಯಲು ಹೊಕ್ಕೆ.

ಅಲ್ಲಿ ಎಲ್ಲರಿಗೂ ನನಗಿಂತ ಸಿಟ್ಟು. ಆಯುಧಪೂಜೆಯ ಮರುದಿನ. ಕ್ರಿಕೆಟ್ ಮ್ಯಾಚು ಮುಗಿಯುವ ಹೊತ್ತಿಗೆ ಟಿವಿಯಲ್ಲಿ ಧಾರಾವಾಹಿ ಬರುತ್ತಿದೆ, ಚಾನೆಲ್ ಬದಲಾಗುತ್ತಿಲ್ಲ!

"ರಿಮೋಟು ಸತ್ತೋಗೈತೆ ಸಾರ್," ಎಂದು ಹೋಟೆಲಿನ ಶಿವಣ್ಣ ಅದನ್ನು ಮೇಜಿಗೆ ಕುಟ್ಟಿದರು.

ರಿಮೋಟು ಬಿಡುವುದೂ ಇನ್‌ಫ್ರಾರೆಡ್ ಬೆಳಕನ್ನೇ. ಫಿಲ್ಟರ್ ಬಿಚ್ಚಿ, ರಿಮೋಟನ್ನು ಲೆನ್ಸಿನ ಹತ್ತಿರವೇ ಹಿಡಿದು ಗುಂಡಿ ಒತ್ತಿದೆ. ಕೋಟೆಯೇ ಕಾಣದಿದ್ದ ಕ್ಯಾಮೆರಾ ಪರದೆಯಲ್ಲಿ ನೇರಳೆ ಚುಕ್ಕೆ ಮಿನುಗಿತು.

"ನೋಡ್ರಿ, ರಿಮೋಟು ಚೆನ್ನಾಗೈತೆ. ಈ ಬೆಳಕು ಹಿಡಿಯೋ ಟಿವಿ ಕಣ್ಣು ಎಲ್ಲೈತೆ?" ಎಂದೆ.

ಆ ಕಣ್ಣಿನ ಮೇಲೆ ಪೂಜೆಯ ವಿಭೂತಿ ದಪ್ಪಗೆ ಒಣಗಿತ್ತು. ಒರೆಸಿದೆ. ಮ್ಯಾಚು ಬಂತು. ಹೋಟೆಲೆಲ್ಲ ಶಿಳ್ಳೆ! ನಾನೇ ಸಿಕ್ಸರ್ ಹೊಡೆದಂತೆ ಬೀಗಿದೆ.

"ಏನ್ ಕ್ಯಾಮೆರಾ ಸಾರ್ ಇದು! ದೃಷ್ಟಿ ಆಗ್ತೈತೆ," ಎಂದರು ಶಿವಣ್ಣ. ನಾನು ಟೀ ಮುಗಿಸುವಷ್ಟರಲ್ಲಿ ಅದಕ್ಕೂ ವಿಭೂತಿ ಬಳಿದಿದ್ದರು, ಲೆನ್ಸಿನ ನಟ್ಟನಡುವೆ.