ಸೋಮವ್ವನ ಮನೆಯಲ್ಲಿ ಎಲ್ಲ ಹೆಚ್ಚಾಗೇತಿ

ಬೈಲಹೊಂಗಲದ ಪೇಟೆಯಲ್ಲಿ ಹಗ್ಗ, ಬಾರುಕೋಲು, ಎತ್ತಿನ ಗೆಜ್ಜೆ ಮಾರುತ್ತಿದ್ದ ನಿಜಗುಣಪ್ಪನಿಗೆ ದೇವರು ಒಳ್ಳೆಯ ಕಂಠ ಕೊಟ್ಟಿದ್ದ. ಅದೊಂದನ್ನು ಕೊಡದೆ ಹೋಗಿದ್ದರೆ ಅವನ ಹೆಂಡತಿ ಸೋಮವ್ವನ ಮೈಮೇಲೆ ನಾಲ್ಕು ತೊಲೆ ಬಂಗಾರವಾದರೂ ಇರುತ್ತಿತ್ತು. ಕಂಠ ಇದ್ದವನಿಗೆ ಸಣ್ಣಾಟದ ಮೇಳ ಬೇಕಾಯಿತು, ಮೇಳಕ್ಕೆ ಮಖಮಲ್ಲಿನ ಅಂಗಿ ಬೇಕಾಯಿತು, ಅಂಗಿಗೆ ತಕ್ಕ ಕಿರೀಟ, ಕಿರೀಟಕ್ಕೆ ತಕ್ಕ ಬಾಜಾ ಪೆಟ್ಟಿಗೆ. ಹುಬ್ಬಳ್ಳಿಯಿಂದ ಪೆಟ್ಟಿಗೆ ಬಂದಿಳಿದ ದಿನ ಓಣಿಯವರೆಲ್ಲ ಬಂದು ಅದರ ಮೇಲೆ ಒಂದೊಂದು ಬೆರಳು ಒತ್ತಿ ಹೋಗಿದ್ದರು. ಎರಡು ಸುಗ್ಗಿ ಸಣ್ಣಾಟ ಚೆನ್ನಾಗಿ ನಡೆಯಿತು. ಮೂರನೆಯ ಸುಗ್ಗಿಯಲ್ಲಿ, ಮುನವಳ್ಳಿಯ ಆಟ ಮುಗಿದ ಬೆಳಿಗ್ಗೆ, ರಾಜನ ಪಾತ್ರದವನು ರಾಣಿಯ ಪಾತ್ರದವನನ್ನು ಕರೆದುಕೊಂಡು ಕಿರೀಟ ಸಮೇತ ರಾಮದುರ್ಗದ ಇನ್ನೊಂದು ಮೇಳ ಸೇರಿಬಿಟ್ಟ. ನಿಜಗುಣಪ್ಪನ ಪಾಲಿಗೆ ಉಳಿದದ್ದು ಒಬ್ಬ ಮಂತ್ರಿ, ಇಬ್ಬರು ದೂತರು ಮತ್ತು ಸಿದ್ದಲಿಂಗವ್ವನ ಇನ್ನೂರು ರೂಪಾಯಿ ಸಾಲ.

ಈ ಸಿದ್ದಲಿಂಗವ್ವ ಸಿರಸಂಗಿಯ ಮಗಳು, ಬೈಲಹೊಂಗಲದ ಸೊಸೆ. ಗಂಡ ತೀರಿಕೊಂಡ ಮೇಲೆ ಅವನ ಅರಳೆ ವ್ಯಾಪಾರವನ್ನು ತಾನೇ ಹಿಡಿದವಳು. ಗಂಡನಿದ್ದಾಗ ಆ ವ್ಯಾಪಾರ ನಷ್ಟದಲ್ಲಿತ್ತು ಎಂಬುದನ್ನು ಪೇಟೆಯವರು ಮರ್ಯಾದೆಗಾಗಿ ಮರೆತಿದ್ದರು. ಸಾಲ ಕೊಡುವಾಗ ಕಾಗದ ಕೇಳುತ್ತಿರಲಿಲ್ಲ, ಮುಖ ನೋಡಿ ಕೊಡುತ್ತಿದ್ದಳು. ಸಾಲದ ದಿನವೂ ಅವಳು ನೋಡಿದ್ದು ನಿಜಗುಣಪ್ಪನ ಮುಖವನ್ನಲ್ಲ, ಅವನ ಹಿಂದೆ ಸೆರಗು ಹೊದ್ದು ನಿಂತಿದ್ದ ಸೋಮವ್ವನದನ್ನು.

ಮೇಳ ಮುರಿದ ಮೇಲೆ ನಿಜಗುಣಪ್ಪ ಹಾಡುವುದನ್ನು ಬಿಟ್ಟು ಅಂಗಡಿಯ ಮೂಲೆ ಹಿಡಿದು ಕುಳಿತ. ಸೋಮವ್ವ ಕುಳಿತುಕೊಳ್ಳಲಿಲ್ಲ. ಬಾಜಾ ಪೆಟ್ಟಿಗೆಯನ್ನು ಮಾರಿ ಒಂದು ಎಮ್ಮೆ ತಂದಳು.

“ಅಲ್ಲಽ, ಪೆಟಗಿ ಕೊಟ್ಟು ಎಮ್ಮಿ ತಂದಿಯಲ್ಲಽ!” ಎಂದು ಗಂಡ ಕಣ್ಣಲ್ಲಿ ನೀರು ತಂದುಕೊಂಡ.

“ಎರಡೂ ಒದರತಾವ. ಇದು ಹಾಲು ಕೊಡತೈತಿ,” ಎಂದಳು ಸೋಮವ್ವ.

ಅಂದಿನಿಂದ ಆ ಮನೆಯ ತುಪ್ಪವೆಲ್ಲ ಪೇಟೆಗೆ, ತುಪ್ಪದ ರೊಕ್ಕವೆಲ್ಲ ಸಿದ್ದಲಿಂಗವ್ವನಿಗೆ. ತುಪ್ಪ ಕಾಸಿದ ಗಡಿಗೆಯ ತಳಕ್ಕೆ ಜೋಳದ ಹಿಟ್ಟು ಸುರಿದು ಬಾಡಿಸಿದರೆ ಅದೇ ಹಬ್ಬ. ಶೇಂಗಾ ಚಟ್ನಿ ಹೋಗಿ ಅಗಸಿ ಚಟ್ನಿ ಬಂತು, ಬೇಳೆ ಹೋಗಿ ಹೊಲದ ಬದುವಿನ ಹಕ್ಕರಿಕೆ ಸೊಪ್ಪು ಬಂತು. ಕಡ್ಡಿಪೆಟ್ಟಿಗೆ ಕೊಳ್ಳುವ ಬದಲು ನೆರೆಮನೆ ರಾಚವ್ವನ ಒಲೆಯಿಂದ ಕುಳ್ಳಿನ ಮೇಲೆ ಕೆಂಡ ತರುತ್ತಿದ್ದಳು. ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಅಲ್ಲಿಯ ದೀಪವೇ ನಡೆದುಕೊಂಡು ಮನೆಗೆ ಬರುತ್ತಿತ್ತು. ಅಂಗಡಿಗೊಂದು ಮನೆಗೊಂದು ದೀಪ ಯಾಕೆ, ಗಂಡ ಹೇಗಿದ್ದರೂ ಒಬ್ಬನೇ ಎಂಬುದು ಅವಳ ಲೆಕ್ಕ.

ಇಷ್ಟೆಲ್ಲ ಹಿಡಿತದ ನಡುವೆಯೂ ಅವಳ ಬಾಯಲ್ಲಿ ಒಂದು ಶಬ್ದ ಬರುತ್ತಿರಲಿಲ್ಲ: ‘ಇಲ್ಲ’. ಅದು ಅವಳೊಬ್ಬಳ ಹಟವಲ್ಲ, ಈ ಸೀಮೆಯ ಹೆಂಗಸರ ರೂಢಿ. ಇಲ್ಲಿ ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತವೆ. ಹಾಗೆಯೇ ಎಣ್ಣೆಯಾಗಲಿ ಅಕ್ಕಿಯಾಗಲಿ ಮುಗಿಯುವುದಿಲ್ಲ, ಅವೂ ಹೆಚ್ಚಾಗುತ್ತವೆ. ‘ಇಲ್ಲ’ ಎಂದರೆ ಮನೆ ಅದನ್ನು ಕೇಳಿಸಿಕೊಂಡು ಕಲಿತುಬಿಡುತ್ತದೆ ಎಂದು ಸೋಮವ್ವನ ತಾಯಿ ಸಣ್ಣಂದಿನಲ್ಲೇ ಹೇಳಿಕೊಟ್ಟಿದ್ದಳು. ಸಾಲದ ಆ ವರ್ಷಗಳಲ್ಲಿ ಊರಲ್ಲಿ ಯಾರ ಮನೆಯಲ್ಲೂ ಆಗದಷ್ಟು ಹೆಚ್ಚಾಗುತ್ತಿದ್ದದ್ದು ಅವಳ ಮನೆಯಲ್ಲಿ.

ಎಮ್ಮೆ ಗಬ್ಬವಾಗಿ ಬತ್ತಿದಾಗ ತುಪ್ಪ ನಿಂತಿತು, ಎರಡು ತಿಂಗಳ ಕಂತೂ ನಿಂತಿತು. ಸಿದ್ದಲಿಂಗವ್ವ ತನ್ನ ಹೊಸ ಗುಮಾಸ್ತನನ್ನು ಕಳಿಸಿದಳು. ಅವನು ಕಾರವಾರದ ಕಡೆಯವನು, ಮನೆಮಾತು ಕೊಂಕಣಿ, ಕನ್ನಡವನ್ನು ಸಾಲೆಯ ಪುಸ್ತಕದಿಂದ ಕಲಿತವನು. ಅವನು ಹೊಸ್ತಿಲ ಹೊರಗೆ ಕೆಮ್ಮಬೇಕೆನ್ನುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ರಾಚವ್ವ ಬಟ್ಟಲು ಹಿಡಿದು ಒಳಗೆ ಬಂದಳು.

“ಸೋಮವ್ವಾ, ಬೀಗರು ಬಂದಾರವಾ. ಒಂದೀಟು ಎಣ್ಣಿ ಕೊಡು.”

“ಎಣ್ಣಿ ಹೆಚ್ಚಾಗೇತಿ ಅಕ್ಕಾ.”

“ಬೆಲ್ಲರ?”

“ಅದೂ ಹೆಚ್ಚಾಗೇತಿ.”

“ಹೋಗ್ಲಿ, ಒಂದು ಬೊಗಸಿ ಅಕ್ಕಿ?”

“ಮೊನ್ನೇನ ಹೆಚ್ಚಾತು.”

“ನಿನ್ನ ಮನಿ ನನ್ನ ಮನಿಗಿಂತ ಅತ್ತತ್ತ ಐತಿ ಬಿಡವಾ,” ಎಂದು ರಾಚವ್ವ ಖಾಲಿ ಬಟ್ಟಲು ಬೀಸುತ್ತ ಹೊರಟುಹೋದಳು.

ಗುಮಾಸ್ತ ಕೆಮ್ಮಲೂ ಇಲ್ಲ. ಎಲ್ಲವೂ ಹೆಚ್ಚಾಗಿ ಬಿದ್ದಿರುವಾಗ ನೆರೆಯವಳಿಗೆ ಒಂದು ಹನಿ ಕೊಡದ ಹೆಂಗಸು ಸಾಲ ತೀರಿಸುತ್ತಾಳೆಯೇ ಎಂದು ಬಂದ ದಾರಿಯಲ್ಲೇ ತಿರುಗಿ ಹೋಗಿ ಒಡತಿಗೆ ವರದಿ ಒಪ್ಪಿಸಿದ: “ಅಮ್ಮಾ, ಆ ಮನೆಯಲ್ಲಿ ಎಣ್ಣೆ, ಬೆಲ್ಲ, ಅಕ್ಕಿ ತುಂಬಿ ತುಳುಕುತ್ತಿವೆ. ಕಿವಿಯಾರೆ ಕೇಳಿದ್ದೇನೆ.”

ಎಮ್ಮೆ ಈದ ಮೂರನೆಯ ದಿನ ಸಿದ್ದಲಿಂಗವ್ವನ ಹುಕುಂ ಬಂತು. ಬಾಕಿಯ ಬದಲು ಎಮ್ಮೆಯನ್ನು ಕರು ಸಮೇತ ತಂದು ತನ್ನ ಹಿತ್ತಲಲ್ಲಿ ಕಟ್ಟಬೇಕು. ಹುಕುಂ ತಂದ ಗುಮಾಸ್ತ ಹಗ್ಗವನ್ನೂ ತಂದಿದ್ದ. ಅದು ನಿಜಗುಣಪ್ಪನ ಅಂಗಡಿಯದೇ ಹಗ್ಗ, ರೊಕ್ಕ ಕೊಟ್ಟು ಒಯ್ದದ್ದು. ಎಮ್ಮೆ ಹೋದರೆ ತುಪ್ಪ ಹೋಯಿತು. ತುಪ್ಪ ಹೋದರೆ ಉಳಿದ ಸಾಲಕ್ಕೆ ಅಂಗಡಿ, ಅಂಗಡಿ ಹೋದರೆ ಮೂಲೆ ಹಿಡಿದ ಗಂಡ ಮತ್ತೆ ಏಳಲಿಕ್ಕಿಲ್ಲ. ಅವಳು ಕರುವನ್ನು ತಾಯಿಯ ಕೆಚ್ಚಲಿಗೆ ಬಿಟ್ಟು, ಬರಿಗೈಯಲ್ಲಿ ಗುಮಾಸ್ತನ ಹಿಂದೆ ನಡೆದಳು.

ಸಿದ್ದಲಿಂಗವ್ವ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅರಳೆಯನ್ನು ಬೆರಳಲ್ಲಿ ಎಳೆದು ನೋಡುತ್ತಿದ್ದಳು.

“ಎಮ್ಮಿ ಎಲ್ಲೈತೆವಾ?”

“ಮನ್ಯಾಗ ಐತ್ರೀ ಯವ್ವಾ. ಕರಾ ಕುಡ್ಯಾಕ ಹತ್ತೈತಿ.”

“ಕರಾ ನನ್ನ ಹಿತ್ತಲದಾಗ ನಿಂತೂ ಕುಡೀತೈತಿ. ಎರಡು ತಿಂಗಳು ನಾ ಒಂದು ಮಾತು ಆಡಲಿಲ್ಲ. ಎಮ್ಮಿ ಬತ್ತೇತಿ, ಬಡವಿ ಅದಾಳ ಅಂತ ಸುಮ್ಮನಿದ್ದೆ. ನೋಡಿದ್ರ ಮನಿ ತುಂಬ ಸಾಮಾನ ಇಟಗೊಂಡು ಕುಂತೀಯಂತ. ನನ್ನ ರೊಕ್ಕದಾಗ ಉಣ್ಣು, ಬ್ಯಾಡ ಅನ್ನೂದಿಲ್ಲ. ಸುಳ್ಳು ಹೇಳಿ ಉಣಬ್ಯಾಡ.”

ಸೋಮವ್ವನಿಗೆ ಎಮ್ಮೆಯ ಮಾತಿಗಿಂತ ಈ ಮಾತು ಆಳವಾಗಿ ನಾಟಿತು. “ನಾ ಯಾವ ಸುಳ್ಳು ಹೇಳೇನ್ರಿ?”

“ಹಂಗಾರ ನನ್ನ ಮುಂದ ಹೇಳು. ಮನ್ಯಾಗ ಎಣ್ಣಿ ಐತೋ ಇಲ್ಲೋ?”

‘ಇಲ್ಲ’ ಎಂದರೆ ಎಮ್ಮೆ ಉಳಿಯುತ್ತಿತ್ತು. ಶಬ್ದ ನಾಲಿಗೆಯ ತುದಿಯವರೆಗೂ ಬಂತು. ಆದರೆ ಎದುರಿಗೆ ಇನ್ನೊಬ್ಬರ ಹೊಸ್ತಿಲು, ಹೊಸ್ತಿಲಿಗೆ ಹಚ್ಚಿದ ಅರಿಶಿನ ಕುಂಕುಮ, ತುಂಬಿದ ಅಂಗಡಿ. ತನ್ನ ಮನೆಯಲ್ಲೇ ಆಡದ ಮಾತನ್ನು ಅನ್ನ ಕೊಟ್ಟವಳ ಮನೆಯಲ್ಲಿ ಹೇಗೆ ಆಡುವುದು? ಸೋಮವ್ವ ತಲೆ ತಗ್ಗಿಸಿದಳು.

“ಎಣ್ಣಿ... ಹೆಚ್ಚಾಗೇತ್ರಿ.”

ಗುಮಾಸ್ತ ತೊಡೆ ತಟ್ಟಿದ. “ಕೇಳಿದಿರಾ ಅಮ್ಮಾ? ಅವಳೇ ಒಪ್ಪಿಕೊಂಡಳು!”

ಸಿದ್ದಲಿಂಗವ್ವನ ಕೈ ಅರಳೆಯಲ್ಲೇ ನಿಂತಿತು. ಅವಳು ಸೋಮವ್ವನನ್ನು ದಿಟ್ಟಿಸಿ ನೋಡಿ, ಮೆಲ್ಲಗೆ ಕೇಳಿದಳು: “ಬೆಲ್ಲ?”

“ಹೆಚ್ಚಾಗೇತ್ರಿ.”

“ಅಕ್ಕಿ?”

“ಅದೂನೂ.”

“ಜ್ವಾಳ?”

“ಜ್ವಾಳ ಐತ್ರಿ,” ಎಂದು ಸೋಮವ್ವ ಪ್ರಾಮಾಣಿಕವಾಗಿ ಲೆಕ್ಕ ಹಾಕಿದಳು. “ನಾಳಿಗೆ ಹೆಚ್ಚಾಗತೈತಿ.”

“ನಾಳೆಗೂ ಹೆಚ್ಚಾಗುತ್ತದಂತೆ!” ಎಂದ ಗುಮಾಸ್ತ.

ಸಿದ್ದಲಿಂಗವ್ವ ನಕ್ಕಳು. ಪೇಟೆಯವರು ಅವಳು ನಕ್ಕಿದ್ದನ್ನು ಕಂಡು ಬಹಳ ಕಾಲವಾಗಿತ್ತು. ಎದುರಿನ ಅಂಗಡಿಯವನು ತಕ್ಕಡಿ ಹಿಡಿದೇ ಎದ್ದು ನಿಂತ. ಅವಳು ಗುಮಾಸ್ತನತ್ತ ತಿರುಗಿದಳು. “ಎಲ್ಲಾ ಮುಗದೈತೋ ಮಾರಾಯಾ! ಮುಗದೈತಿ ಅಂತ ಹೇಳಾಕ ಹತ್ಯಾಳ ಆಕಿ. ನಿಮ್ಮ ಕಡೆ ಡಬ್ಬಿ ಬರಿದಾದ್ರ ಏನಂತೀರಿ?”

“ಬರಿದಾಯಿತು ಎನ್ನುತ್ತೇವೆ,” ಎಂದು ಗುಮಾಸ್ತ ತಬ್ಬಿಬ್ಬಾದ.

ನಗುತ್ತ ನಗುತ್ತಲೇ ಸಿದ್ದಲಿಂಗವ್ವನ ಕಣ್ಣು ಒದ್ದೆಯಾದವು. ಸೆರಗಿನಿಂದ ಒರೆಸಿಕೊಂಡು, ತನ್ನ ಬೋಳು ಮುಂಗೈ ನೋಡಿಕೊಂಡಳು. “ನನ್ನ ಕೈಯಾಗಿನ ಬಳಿ ಹೆಚ್ಚಾದಾಗಿಂದ ಈ ಮಾತು ನನ್ನ ಮುಂದ ಯಾರೂ ಆಡಿಲ್ಲವಾ. ಸಾಲಾ ಕೇಳಾಕ ಬಂದವರು, ಕೊಡದವರು, ಎಲ್ಲಾರೂ ನನ್ನ ಹೊಸ್ತಲದಾಗ ನಿಂತು ಇಲ್ಲ, ಇಲ್ಲ, ಇಲ್ಲ ಅಂದ ಹೋಗತಾರ.” ಆಮೇಲೆ ಎದ್ದಳು. “ನಡಿ, ನಿನ್ನ ಎಮ್ಮಿ ನೋಡಬೇಕು.”

ಸಾಲ ಕೊಟ್ಟವಳು ಮನೆಗೆ ಬಂದರೆ ಬರಿಬಾಯಲ್ಲಿ ಕಳಿಸುವಂತಿಲ್ಲ. ಸೋಮವ್ವ ಹೊಸ ಹಾಲಿನ ಗಿಣ್ಣ ಕಾಸಿ ಬಟ್ಟಲಲ್ಲಿ ತಂದಿಟ್ಟು, “ಬೆಲ್ಲ...” ಎಂದು ಶುರು ಮಾಡಿದಳು. “ಗೊತ್ತೈತಿ ಬಿಡು,” ಎಂದು ಸಿದ್ದಲಿಂಗವ್ವ ಆ ಸಪ್ಪೆ ಗಿಣ್ಣವನ್ನು ಬಟ್ಟಲು ತಿರುಗಿಸಿ ತಿರುಗಿಸಿ ತಿಂದಳು. ತಿಂದಾದ ಮೇಲೆ, ಅಡಗಿಕೊಳ್ಳಲು ಜಾಗ ಹುಡುಕುತ್ತಿದ್ದ ನಿಜಗುಣಪ್ಪನ ಮೇಲೆ ಅವಳ ಕಣ್ಣು ಬಿತ್ತು.

“ಏನೋ ನಿಜಗುಣಪ್ಪಾ, ಇನ್ನೂರು ರೂಪಾಯಿ ಹಾಕೇನಿ, ಒಂದು ಹಾಡೂ ಕೇಳಿಲ್ಲ. ಇಷ್ಟು ತುಟ್ಟೀ ಕಂಠ ಹೆಂಗೈತಿ, ನೋಡೂಣು.”

ಅವನು ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದಳು. ಗಂಟಲು ಮೊದಲು ಬಾವಿಯ ತುಕ್ಕು ಹಿಡಿದ ಗಿರಕಿಯಂತೆ ಕಿರುಗುಟ್ಟಿತು, ಆಮೇಲೆ ತೆರೆದುಕೊಂಡಿತು. ರಾಚವ್ವ ಹಿತ್ತಲ ಗೋಡೆಗೆ ಗದ್ದ ಊರಿ ನಿಂತಳು. ಎಮ್ಮೆ ಮೆಲುಕು ನಿಲ್ಲಿಸಲಿಲ್ಲ, ಅದಕ್ಕೆ ಸಂಗೀತದ ಗಂಧವಿರಲಿಲ್ಲ.

ಎರಡು ತಿಂಗಳ ಬಡ್ಡಿಯನ್ನು ಸಿದ್ದಲಿಂಗವ್ವ ಬಿಟ್ಟಳೇ ಎಂದು ಕೇಳುವವರು ವ್ಯಾಪಾರ ಬಲ್ಲವರಲ್ಲ. ಒಂದು ದಮ್ಮಡಿಯನ್ನೂ ಬಿಡಲಿಲ್ಲ. ಗಡುವನ್ನು ಮಾತ್ರ ಎಮ್ಮೆಯ ಕರಾವಿಗೆ ಹೊಂದಿಸಿದಳು: ಹಿಂಡುವ ತಿಂಗಳು ಕೊಡು, ಬತ್ತಿದ ತಿಂಗಳು ಬಿಡು. ಸೋಮವ್ವನೂ ಅದಕ್ಕಿಂತ ಹೆಚ್ಚು ಕೇಳುವವಳಲ್ಲ. ನಿಜಗುಣಪ್ಪ ಅಂಗಡಿಯಲ್ಲಿ ಗುನುಗುತ್ತ ಹಗ್ಗ ಹೊಸೆಯತೊಡಗಿದ. ಹಾಡು ಕೇಳಲು ನಿಂತ ರೈತರು ನಾಚಿಕೆಗಾದರೂ ಒಂದು ಮೂಗುದಾಣ ಕೊಂಡು ಹೋಗುತ್ತಿದ್ದರು.

ಎಮ್ಮೆ ಇನ್ನೆರಡು ಸಲ ಈದ ಮೇಲೆ, ಒಂದು ಸೋಮವಾರ ಕಡೆಯ ಕಂತು ಮುಟ್ಟಿತು. ಸೋಮವ್ವ ಮನೆಗೆ ಬಂದು ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕುಳಿತಳು. ನಿಜಗುಣಪ್ಪ ಗಂಗಾಳದ ಮುಂದೆ ಕುಳಿತು ನೋಡಿದ. ಅಂಗೈಯಗಲದ ರೊಟ್ಟಿ.

“ಸಾಲಾ ತೀರಿತಲ್ಲಽ, ರೊಟ್ಟಿ ಯಾಕ ಇಷ್ಟ ಸಣ್ಣದು?”

ಸೋಮವ್ವ ಹಿಟ್ಟು ಹತ್ತಿದ ತನ್ನ ಎರಡೂ ಕೈ ಎತ್ತಿ, ಯಾರದೋ ಕೈ ನೋಡಿದಂತೆ ನೋಡಿದಳು.

“ಕೈಗಿನ್ನೂ ಸುದ್ದಿ ಮುಟ್ಟಿಲ್ರಿ,” ಎಂದು ನಕ್ಕು, ಇನ್ನೊಂದು ಹಿಡಿ ಹಿಟ್ಟು ತೆಗೆದುಕೊಂಡಳು.