ಟ್ರಂಕಿನ ಕೆಳಗಿನ ಬಣ್ಣ

ನಾನು ನೆಲದ ಮೇಲೆ ಕುಳಿತೇ ಚಿತ್ರ ಬರೆಯುವವಳು. ಮನೆಯಲ್ಲಿ ಈಸೆಲ್ ಇಲ್ಲವೆಂದಲ್ಲ, ಅದರ ಮೇಲೆ ಅವ್ವನ ಸೀರೆ ಒಣಗುತ್ತದೆ. ಕ್ಯಾನ್ವಾಸನ್ನು ಪಡಸಾಲೆಯ ಕಲ್ಲಿನ ಮೇಲೆ ಮಲಗಿಸಿ, ಅದರ ಸುತ್ತ ಸರಿದಾಡುತ್ತ ಬಣ್ಣ ಹಚ್ಚುತ್ತೇನೆ. ಚಿತ್ತಾಪುರದ ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುವಾಗ ಬೆನ್ನು ನೆಟ್ಟಗಿಟ್ಟು ಕೂರಿ ಎಂದು ಗದರುವವಳೂ ನಾನೇ. ಮನೆಗೆ ಬಂದರೆ ಆ ಮೇಷ್ಟ್ರಗಿರಿ ಚಪ್ಪಲಿಯ ಜೊತೆ ಬಾಗಿಲಲ್ಲೇ ಉಳಿಯುತ್ತದೆ.

ಶಹಾಬಾದಿನ ಹಳೆಯ ಮನೆ ನಮ್ಮದು. ಗೋಡೆಗೂ ಕಲ್ಲು, ನೆಲಕ್ಕೂ ಕಲ್ಲು, ಮಾಳಿಗೆಗೂ ಕಲ್ಲು. ಪಡಸಾಲೆಗೆ ಹಾಸಿದ ಪರಸಿ ಚಪ್ಪಡಿ ಅವ್ವ ದುಡಿಯುತ್ತಿದ್ದ ಕಲ್ಲಿನ ಖಣಿಯಿಂದಲೇ ಬಂದದ್ದು. ಖಣಿಯ ಪಕ್ಕದ ಶೆಡ್ಡಿನಲ್ಲಿ ಕಲ್ಲು ತಿಕ್ಕಿ ನುಣುಪು ಮಾಡುವುದು ಅವಳ ಕೆಲಸವಾಗಿತ್ತು. ಆ ಕಲ್ಲಿನ ಬಣ್ಣವನ್ನು ಬೂದಿ ಎಂದರೆ ನೀಲಿಗೆ ಅನ್ಯಾಯ, ನೀಲಿ ಎಂದರೆ ಬೂದಿಗೆ ಅನ್ಯಾಯ. ನಾನು ಅದನ್ನು ಬರೀ ‘ನೆಲ’ ಎಂದು ಕರೆಯುತ್ತೇನೆ.

ನನ್ನ ಕೆಲಸವೆಲ್ಲ ನಿಂತಿರುವುದು ಆ ನೆಲದ ಮೇಲೆ. ಹೊರಗೆ ಕುಳಿತು ಬಣ್ಣದಲ್ಲಿ ಬರೆಯುವುದು ನಮ್ಮ ಕಡೆ ಆಗದ ಮಾತು. ನಮ್ಮ ಬಿಸಿಲು ಕಣ್ಣಿಗೆ ಮೋಸ ಮಾಡುತ್ತದೆ, ವಾಡಿಯ ಕಾರ್ಖಾನೆಯ ಹತ್ತಿರ ಹೋದರೆ ಹಸಿ ಬಣ್ಣದ ಮೇಲೆ ಸಿಮೆಂಟಿನ ಧೂಳು ಕೂರುತ್ತದೆ. ಹಾಗಾಗಿ ಹೊರಗೆ ಪೆನ್ಸಿಲಿನಲ್ಲಿ ಗೆರೆ ಮಾತ್ರ ಎಳೆದುಕೊಂಡು, ಅಂಚಿನಲ್ಲಿ ಬಣ್ಣದ ಗುರುತು ಹಾಕಿಕೊಳ್ಳುತ್ತೇನೆ. ‘ಆಕಾಶ, ನೆಲಕ್ಕಿಂತ ಎರಡು ತಿಳಿ.’ ‘ಹೊಳೆದಂಡೆ, ನೆಲಕ್ಕಿಂತ ಒಂದು ಕಪ್ಪು.’ ಮನೆಗೆ ಬಂದು ಬಣ್ಣ ಕಲಸಿ, ಕಾಗದದ ತುಂಡಿಗೆ ಹಚ್ಚಿ, ಪರಸಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಮೊದಲು ನೆಲಕ್ಕೆ ಸರಿಹೊಂದುವ ಬಣ್ಣ, ಆಮೇಲೆ ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಏರಿಳಿಯುವುದು. ಅಕ್ಕಸಾಲಿಗರಿಗೆ ಒರೆಗಲ್ಲು ಹೇಗೋ ನನಗೆ ಪಡಸಾಲೆ ಹಾಗೆ. ಕಾಗಿಣಾ ಹೊಳೆಯ ದಂಡೆ, ಸೇಡಂ ಕಡೆಯ ತೊಗರಿ ಹೊಲ, ಚಂದ್ರಂಪಳ್ಳಿ ಜಲಾಶಯದ ನೀರು, ಎಲ್ಲವೂ ಈ ನೆಲದ ಲೆಕ್ಕದಲ್ಲೇ ಚಿತ್ರವಾದವು.

ಕಳೆದ ವರ್ಷ ಕಲಬುರಗಿಯಲ್ಲಿ ನನ್ನೊಬ್ಬಳದೇ ಪ್ರದರ್ಶನ ಮಾಡುವುದೆಂದು ನಿಶ್ಚಯವಾಯಿತು. ಅಲ್ಲಿಯ ಹಿರಿಯ ಕಲಾವಿದರೊಬ್ಬರು ತಮ್ಮ ಮನೆಯ ಕೆಳಗಿನ ದೊಡ್ಡ ಹಾಲ್ ಅನ್ನು ಬಿಟ್ಟುಕೊಡಲು ಒಪ್ಪಿದ್ದರು. ಇಷ್ಟು ವರ್ಷ ಹತ್ತು ಜನರ ಚಿತ್ರಗಳ ನಡುವೆ, ಬಾಗಿಲ ಸಂದಿಯಲ್ಲಿ ತೂಗಿದ್ದೇ ನನ್ನ ಭಾಗ್ಯ. ಈ ಸಲ ಗೋಡೆಯೆಲ್ಲ ನನ್ನದು. ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು ಎಂದರೆ ಸುಳ್ಳಲ್ಲ. ಊರ ಸುತ್ತಲ ನೆಲವನ್ನು ಇದ್ದ ಹಾಗೆ ತೋರಿಸಬೇಕು ಎಂಬುದೊಂದೇ ನನ್ನ ಆಸೆ. ನಮ್ಮ ಕಡೆ ನೋಡಲು ಏನಿದೆ, ಧೂಳು ಮತ್ತು ಕಲ್ಲು, ಎನ್ನುವವರ ಬಾಯಿ ಮುಚ್ಚಿಸಬೇಕಿತ್ತು.

ಬೇಸಿಗೆಯಿಂದ ದೀಪಾವಳಿಯವರೆಗೆ ಬರೆದೆ. ಕೆಲವನ್ನು ಫೋನಿನಲ್ಲಿ ತೆಗೆದು ಹಿರಿಯರಿಗೆ ಕಳಿಸಿದೆ. ಅವರು ತಕ್ಷಣ ಫೋನು ಮಾಡಿದರು.

“ಮೇಡಂ, ಈ ಸಲ ಕೆಲಸ ಭಾಳ ಗಂಭೀರ ಆಗ್ಯದ್ರಿ. ಮೊದಲಿನ ತಿಳಿ ಬಣ್ಣ ಬಿಟ್ಟು ಒಳಗ ಇಳದೀರಿ.”

ಉಬ್ಬಿಹೋದೆ. ಚಿತ್ರಗಳು ಕಪ್ಪಾಗುತ್ತಿವೆ ಎಂದು ನನಗೂ ಅನಿಸಿತ್ತು. ಎಲ್ಲದರ ಮೇಲೂ ಮಳೆ ಬರುವ ಮುಂಚಿನ ಮುಸುಕು. ವಯಸ್ಸಾದಂತೆ ಕಣ್ಣು ಮಾಗುತ್ತದೆ, ಇದು ಅದೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಹಿರಿಯರ ಬಾಯಲ್ಲೂ ಅದೇ ಬಂತಲ್ಲ, ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ದಿನಗಳಲ್ಲಿ ಮನೆಯಲ್ಲಿ ಕುಸುಬಿ ಎಣ್ಣೆ ಬೇಗ ಬೇಗ ಮುಗಿಯುತ್ತಿತ್ತು. ಅವ್ವನಿಗೆ ಈಚೆಗೆ ಮರೆವು. ಉಂಡದ್ದು ನೆನಪಿರುವುದಿಲ್ಲ, ಒಮ್ಮೊಮ್ಮೆ ನನ್ನನ್ನು ತನ್ನ ತಂಗಿ ಎಂದುಕೊಳ್ಳುತ್ತಾಳೆ. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಮೇಲೆ ಎರಡೆರಡು ಸಲ ಎಣ್ಣೆ ಸುರಿದುಕೊಳ್ಳುತ್ತಿದ್ದಾಳೆ ಎಂದು ತಿಳಿದು ಒಂದು ದಿನ ಕೇಳಿಯೇಬಿಟ್ಟೆ.

“ಏನವ್ವ, ಎಣ್ಣಿ ಕುಡೀತೀ ಏನು?”

“ನಾ ಅಲ್ಲವ್ವ. ನೆಲ ಕುಡೀಲಿಕತ್ತದ.”

ನಕ್ಕುಬಿಟ್ಟೆ. ಮರೆವಿನವರ ಮಾತು ಎಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಪ್ರದರ್ಶನಕ್ಕೆ ವಾರವಿತ್ತು. ಶಾಲೆಗೆ ರಜೆ ಹಾಕಿ, ಚಿತ್ರಗಳನ್ನು ಸುತ್ತಲು ಹಳೆಯ ಚಾದರ ಬೇಕೆಂದು ಪಡಸಾಲೆಯ ಮೂಲೆಯ ಟ್ರಂಕನ್ನು ತೆರೆದೆ. ಬಟ್ಟೆಯೆಲ್ಲ ಹೊರಗೆ ತೆಗೆದ ಮೇಲೆ ಟ್ರಂಕು ಹಗುರಾಗಿತ್ತು. ಜಾಗ ಸಾಲದೆಂದು ಅದನ್ನು ಅಡಿಗೆಮನೆಯ ಕಡೆ ಎಳೆದೆ. ಅದರ ಕೆಳಗೆ ಇನ್ನೊಂದು ನೆಲವಿತ್ತು. ತಿಳಿಯಾದ, ಒಣಗಿದ, ಬೂದಿಯೂ ಅಲ್ಲದ ನೀಲಿಯೂ ಅಲ್ಲದ ಒಂದು ಚೌಕ. ಅದರ ಸುತ್ತಲ ಪಡಸಾಲೆಯೆಲ್ಲ ಹುರಿದ ಎಳ್ಳಿನ ಹಾಗೆ ಕಪ್ಪು.

ಮೊದಲು ಅರ್ಥವಾಗಲಿಲ್ಲ. ಟ್ರಂಕಿನ ತುಕ್ಕು ಕಲ್ಲನ್ನು ಬಿಳಿಚಿಸಿತೇ ಎಂದುಕೊಂಡೆ. ಕೂತು ಬೆರಳಾಡಿಸಿದೆ. ಕಪ್ಪು ಕಲ್ಲು ಜಿಡ್ಡಾಗಿತ್ತು. ಆಗ ‘ನೆಲ ಕುಡೀಲಿಕತ್ತದ’ ಎಂದ ಅವ್ವನ ಮಾತು ನೆನಪಾಯಿತು. ಹಬ್ಬದ ಮುಂಚೆ ಪರಸಿಗೆ ಎಣ್ಣೆ ತಿಕ್ಕಿ ಮಿಂಚಿಸುವುದು ನಮ್ಮ ಕಡೆಯ ಹೆಂಗಸರ ರೂಢಿ. ಬಣ್ಣ ಕೆಡುತ್ತದೆಂದು ನಾನು ಅದನ್ನು ಎಂದೋ ನಿಲ್ಲಿಸಿದ್ದೆ. ನಾನು ಚಿತ್ತಾಪುರಕ್ಕೆ ಹೋದ ಮೇಲೆ ಮಧ್ಯಾಹ್ನದ ಹೊತ್ತು ಅವ್ವ ದಿನಾ ಅದನ್ನೇ ಮಾಡುತ್ತಿದ್ದಳು. ದಿನಕ್ಕೆ ಕೂದಲೆಳೆಯಷ್ಟು ಕಪ್ಪಾಗುವ ನೆಲ ಯಾರ ಕಣ್ಣಿಗೆ ಕಾಣುತ್ತದೆ? ಗುರುತು ಹಾಕಿಕೊಂಡಾಗ ನನ್ನ ತಲೆಯಲ್ಲಿದ್ದದ್ದು ಹಳೆಯ ನೆಲ. ಬಣ್ಣ ಕಲಸಿದ್ದು ಹೊಸ ನೆಲ ನೋಡಿ. ನೆಲ ಎಷ್ಟು ಇಳಿಯಿತೋ ಆಕಾಶ, ಹೊಳೆ, ತೊಗರಿ ಹೊಲ ಎಲ್ಲವೂ ಅಷ್ಟೇ ಇಳಿದಿದ್ದವು. ಹಿರಿಯರು ಮೆಚ್ಚಿದ ನನ್ನ ಗಾಂಭೀರ್ಯ ಅಷ್ಟೂ ಕುಸುಬಿ ಎಣ್ಣೆ.

ಅವ್ವ ಹೊಸ್ತಿಲ ಬಳಿ ಕುಳಿತಿದ್ದಳು. ಸಿಟ್ಟು ತಡೆಯಲಾಗಲಿಲ್ಲ.

“ಯಾರು ಹೇಳ್ಯಾರ ನಿನಗ ನೆಲಕ್ಕ ಎಣ್ಣಿ ಹಚ್ಚು ಅಂತ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಯಾರ್ ಹೇಳಬೇಕು? ಕಲ್ಲು ಒಣಗಿತ್ತು. ನೀ ದಿನಾ ನೆಲ ನೋಡ್ಕೋತ ಕುಂದರ್ತಿ. ಚಂದ ಕಾಣ್ಲಿ ಅಂತ ಹಚ್ಚೀನಿ.”

ಸೋಪು, ಸೋಡಾ, ಬಿಸಿನೀರು ಎಲ್ಲ ಹಾಕಿ ತಿಕ್ಕಿದೆ. ನನ್ನ ಕೈ ಬಿಳಿಚಿತು, ಕಲ್ಲು ಬಿಳಿಚಲಿಲ್ಲ. ಊರ ತುಂಬ ಕಲ್ಲಿರುವಾಗ ಇನ್ನೊಂದು ತರಬಾರದೇ ಎಂದು ಕೇಳುವಿರಿ. ಒಂದು ಖಣಿಯ ಕಲ್ಲಿನ ಬಣ್ಣ ಇನ್ನೊಂದರದಲ್ಲ, ಒಂದು ಹಸಿರಿಗೆ ವಾಲುತ್ತದೆ, ಒಂದು ಹಳದಿಗೆ. ಅವ್ವ ದುಡಿದ ಖಣಿ ಮುಚ್ಚಿ, ಮಳೆನೀರು ತುಂಬಿ ಎಷ್ಟೋ ಕಾಲವಾಯಿತು. ಉಳಿದದ್ದು ಟ್ರಂಕಿನ ಕೆಳಗಿನ ಆ ಚೌಕವೊಂದೇ.

ಹಿರಿಯರಿಗೆ ಹೇಳಿಬಿಡೋಣವೆಂದು ಫೋನು ಎತ್ತಿದೆ, ಇಟ್ಟೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ಗೊತ್ತಿದ್ದವರು ಯಾರಾದರೂ ನನ್ನ ಮಾತು ನಂಬುತ್ತಾರೆಯೇ? ನಂಬಿದರೂ, ಅವರು ಮೆಚ್ಚಿದ್ದು ಆ ಕಪ್ಪನ್ನೇ. ಹಾಗೆಯೇ ತೂಗಿಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನಮ್ಮ ನೆಲವನ್ನು ಇದ್ದ ಹಾಗೆ ತೋರಿಸುತ್ತೇನೆಂದು ಹೊರಟವಳು ನಾನು. ಸುಳ್ಳು ಚಿತ್ರಗಳ ನಡುವೆ ಹೊಗಳಿಕೆ ಕೇಳುತ್ತ ನಿಲ್ಲುವುದು ನನ್ನಿಂದಾಗದು ಎನಿಸಿತು.

ಎಲ್ಲವನ್ನೂ ತಿದ್ದಲು ವೇಳೆಯಿರಲಿಲ್ಲ. ಎಲ್ಲಕ್ಕಿಂತ ದೊಡ್ಡದೊಂದನ್ನಾದರೂ ಸರಿಮಾಡುವುದೆಂದು ನಿರ್ಧರಿಸಿದೆ. ಅದು ಅವ್ವ ದುಡಿದ ಖಣಿಯ ಚಿತ್ರ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕಲ್ಲಿನ ಗೋಡೆ, ತಳದಲ್ಲಿ ಅಲುಗದ ನೀರು, ಮೇಲೆ ಆಕಾಶ. ಹಾಲಿನ ನಡುಗೋಡೆ ಅದಕ್ಕೆಂದೇ ಕಾದಿತ್ತು. ಕ್ಯಾನ್ವಾಸನ್ನು ಆ ಚೌಕದ ಪಕ್ಕಕ್ಕೆ ಮಲಗಿಸಿ ಎಡಗಡೆಯಿಂದ ಶುರುಮಾಡಿದೆ. ಹಳೆಯ ಬಣ್ಣ ಕಲಸಿ ಬಂದಾಗ ಕಣ್ಣಲ್ಲಿ ನೀರು ಬಂತು. ಕಲ್ಲಿನ ಗೋಡೆಗೆ ಬಿಸಿಲು ಬಿತ್ತು, ನೀರಿಗೆ ಆಳ ಬಂತು. ಎಣ್ಣೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಅವ್ವ ಹುಡುಕಿದಳು, ಆಮೇಲೆ ತಿಕ್ಕುವ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದವಳೇ ಅಲ್ಲ. ಸಂಕಟವಾಯಿತು, ಆದರೂ ಡಬ್ಬಿ ಇಳಿಸಲಿಲ್ಲ.

ಅರ್ಧ ಮುಗಿದಿತ್ತು. ಚಿತ್ರಗಳಿಗೆ ನಾನು ಕೇಳುವಂಥ ತೆಳುವಾದ ಮರದ ಕಟ್ಟು ಮಾಡಿಕೊಡುವ ಬಡಗಿ ಇರುವುದು ಚಂದ್ರಂಪಳ್ಳಿ ಕಡೆಯ ಚಂದಾಪುರದಲ್ಲಿ. ಕಟ್ಟುಗಳನ್ನು ತರಲೇಬೇಕಿತ್ತು. ಪಕ್ಕದ ಮನೆಯವರಿಗೆ ಅವ್ವನ ಮೇಲೆ ಕಣ್ಣಿಡಲು ಹೇಳಿ ಬೆಳಿಗ್ಗೆ ಹೋದವಳು ಸಂಜೆಯೊಳಗೆ ತಿರುಗಿ ಬಂದೆ. ಬಾಗಿಲು ತೆರೆಯುತ್ತಲೇ ಕೊಬ್ಬರಿ ಎಣ್ಣೆಯ ವಾಸನೆ. ತಲೆಗೆ ಹಚ್ಚುವ ಬಾಟಲಿ ಖಾಲಿಯಾಗಿ ಗೋಡೆಗೆ ಒರಗಿತ್ತು. ಪಡಸಾಲೆ ಮೂಲೆಯಿಂದ ಮೂಲೆಗೆ ಒಂದೇ ಸಮನೆ ಮಿಂಚುತ್ತಿತ್ತು.

ಅವ್ವನ ಮುಖವೂ ಮಿಂಚುತ್ತಿತ್ತು. “ಅಷ್ಟೇ ಬಿಟ್ಟಿತ್ತು ನೋಡು. ಈಗ ಚಂದ ಆತು.”

ಕಟ್ಟುಗಳ ಕಂತೆ ತೋಳಲ್ಲಿ ಹಿಡಿದೇ ನೆಲಕ್ಕೆ ಕುಸಿದು ಅತ್ತೆ. ಅವಳು ಪಕ್ಕಕ್ಕೆ ಬಂದು ಕುಳಿತು, ಎಣ್ಣೆಗೈಯಿಂದಲೇ ನನ್ನ ತಲೆ ಸವರಿದಳು. ಹಸಿವಾಗಿದೆಯೇ ಎಂದು ಕೇಳಿದಳು. ಬರೆದಾದ ಅರ್ಧವನ್ನು ನೋಡಿಕೊಂಡೇ ಉಳಿದರ್ಧ ಬರೆಯಬಹುದಿತ್ತು. ಬುದ್ಧಿ ಹಾಗೆ ಹೇಳಿತು, ಕೈ ಏಳಲಿಲ್ಲ. ಬರೆದಾದದ್ದಾದರೂ ನಿಜವೇ ಎಂದು ಹೋಲಿಸಿ ನೋಡಲು ಈಗ ನನ್ನ ಬಳಿ ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಟೆಂಪೊ ಬಂತು. ಚಿತ್ರ ಹಾಗೆಯೇ ಹೋಯಿತು, ಎಡಕ್ಕೆ ತಿಳಿ, ಬಲಕ್ಕೆ ಕಪ್ಪು, ನಡುವೆ ನಾನು ನಿಲ್ಲಿಸಿದಲ್ಲಿ ನೆಟ್ಟಗೊಂದು ಗೆರೆ.

ಅವ್ವನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ, ಕಲಬುರಗಿಗೆ ಕರೆದುಕೊಂಡೇ ಹೋದೆ. ನಡುಗೋಡೆಯ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ಜನ ಬಂದರು, ನೋಡಿದರು, ಒಳ್ಳೆಯ ಮಾತಾಡಿದರು. ಹಿರಿಯರು ದೊಡ್ಡ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ಖಣಿ ಮ್ಯಾಲ ಮೋಡದ ನೆರಳು ಎಷ್ಟು ಛಲೋ ತಂದೀರಿ ಮೇಡಂ! ಅರ್ಧ ಬಿಸಿಲು, ಅರ್ಧ ನೆರಳು.”

ಸುತ್ತ ನಿಂತವರು ತಲೆಯಾಡಿಸಿದರು. ಅದು ನೆರಳಲ್ಲ ಎನ್ನಬೇಕಿತ್ತು. “ಹ್ಞೂಂ ರಿ” ಎಂದೆ. ಅಷ್ಟೂ ತಿಂಗಳ ಕೆಲಸದ ಮೇಲೆ ನಾನೇ ಮಣ್ಣು ಎಳೆದ ಹಾಗಾಯಿತು.

ಅವ್ವ ಕುರ್ಚಿಯಿಂದ ಎದ್ದು ಚಿತ್ರದ ಬಳಿ ಬಂದಳು. ಅದು ತಾನು ದುಡಿದ ಖಣಿ ಎಂದು ಗೊತ್ತಾಯಿತೋ ಇಲ್ಲವೋ, ಕೇಳಲು ನನಗೆ ಧೈರ್ಯವಿರಲಿಲ್ಲ. ಕಪ್ಪು ಅರ್ಧವನ್ನು ನೋಡಿ ಒಪ್ಪಿದವಳಂತೆ ತಲೆಯಾಡಿಸಿದಳು. ಆಮೇಲೆ ಗೆರೆಯ ಈಚೆಗೆ, ನಾನು ಅಳುತ್ತ ಬರೆದ ತಿಳಿ ಅರ್ಧದ ಮೇಲೆ ಅಂಗೈ ಇಟ್ಟು, ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದಳು.

“ಇಷ್ಟು ಹಂಗೇ ಬಿಟ್ಟೀಯಲ್ಲವ್ವ. ಎಣ್ಣಿ ಮುಗೀತೇನು?”

ಹಿರಿಯರು ನನ್ನತ್ತ ನೋಡಿದರು. ಆ ಹಾಲಿನಲ್ಲಿ ಅಲ್ಲೇನಿದೆಯೆಂದು ಸರಿಯಾಗಿ ಕಂಡವಳು ಅವಳೊಬ್ಬಳೇ. ನಾನು ಅವಳ ಕೈಯನ್ನು ಚಿತ್ರದಿಂದ ಮೆಲ್ಲಗೆ ತೆಗೆದು ನನ್ನ ಕೈಯಲ್ಲಿ ಹಿಡಿದುಕೊಂಡೆ.

“ಮುಗೀತವ್ವ,” ಎಂದೆ.