ವಾಲ್ಟ್ ಗ್ಯಾರೇಜಿನ ಬಿಯರು ಮತ್ತು ನನ್ನ ಮೂಗು

ಬೆಳಿಗ್ಗೆ ಹತ್ತು ಗಂಟೆಗೆ, ಹೆಸರೂ ಗೊತ್ತಿಲ್ಲದ ಹಿರಿಯರೊಬ್ಬರು ನನ್ನ ಕೈಗೆ ಬಿಯರಿನ ಲೋಟ ಕೊಟ್ಟರು. ನಾನಾಗ ನಲವತ್ತೆಂಟರ ಹೆಂಗಸು. ಮದುವೆಮನೆಯಲ್ಲಿ ಯಾರಾದರೂ ಕುಡಿದು ಬಂದರೆ ಎದ್ದು ಬೇರೆ ಕೋಣೆಗೆ ಹೋಗುವ ಮನೆತನದವಳು. ‘ಬೇಡ’ ಎನ್ನಲು ನಯವಾದ ಇಂಗ್ಲಿಷ್ ಮಾತು ಬಾಯಿಗೆ ಬರಲಿಲ್ಲ. ಲೋಟ ಹಿಡಿದುಕೊಂಡೆ.

ಅವರ ಗ್ಯಾರೇಜಿಗೆ ನಾನು ಹೋದದ್ದು ವಾಸನೆಯ ಬೆನ್ನುಹತ್ತಿ. ಹ್ಯೂಸ್ಟನ್ನಿನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ಗೆ ನಾವು ಬಂದು ಆಗ ಹನ್ನೊಂದು ದಿನ. ನನ್ನ ಗಂಡನಿಗೆ ಇಲ್ಲಿನ ಎಣ್ಣೆ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಊರು ಚೆಂದವೇ. ಮರಗಳು ಕೂಡ ಯಾರೋ ಕೂತು ಯೋಚಿಸಿ ನೆಟ್ಟಂತೆ ನಿಂತಿವೆ. ಆದರೆ ಯಾವುದಕ್ಕೂ ವಾಸನೆಯಿರಲಿಲ್ಲ. ಕಿಟಕಿಗಳನ್ನು ಯಾರೂ ತೆರೆಯುವುದಿಲ್ಲ, ಎಲ್ಲ ಮನೆಯಲ್ಲೂ ಇಡೀ ದಿನ ಏಸಿ. ಪಕ್ಕದ ಮನೆಯವರು ಏನು ಅಡುಗೆ ಮಾಡಿದರೆಂದು ಹತ್ತು ವರ್ಷ ಇದ್ದರೂ ತಿಳಿಯಲಿಕ್ಕಿಲ್ಲ. ಅಂಗಡಿಯ ಹಾಲಿನ ಕ್ಯಾನು ತೆರೆದು ಮೂಗಿಗೆ ಹಿಡಿದರೆ ತಣ್ಣಗಿನ ಗಾಳಿಯಷ್ಟೇ ತಾಕುತ್ತಿತ್ತು.

ಇದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಧಾರವಾಡದ ಡೇರಿಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಕೆಲಸವೇ ವಾಸನೆ ನೋಡುವುದು. ಹಳ್ಳಿಗಳಿಂದ ಕ್ಯಾನುಗಳು ಬಂದು ಸಾಲಾಗಿ ನಿಂತ ಮೇಲೆ ಒಂದೊಂದರ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ಯಬೇಕು. ಅನುಮಾನ ಬಂದರೆ ನಾಲಗೆಗೆ ಒಂದು ಹನಿ ಹಾಕಿ ಉಗುಳಬೇಕು. ಒಳ್ಳೆಯದಿದ್ದರೆ ಒಳಗೆ, ಕೆಟ್ಟಿದ್ದರೆ ವಾಪಸು. “ಅಕ್ಕಾರ, ಇದೊಂದ್ ಪಾಸ್ ಮಾಡ್ರಿ” ಎಂದು ಅಂಗಲಾಚಿದರೂ ಒಂದು ಹುಳಿ ಕ್ಯಾನನ್ನು ಒಳಗೆ ಬಿಟ್ಟವಳಲ್ಲ. ಇಲ್ಲಿಗೆ ಬಂದಾಗ ನನ್ನ ವೀಸಾ ಗಂಡನ ಬೆನ್ನಿಗೆ ಕಟ್ಟಿದ್ದು, ನಾನು ಕೆಲಸ ಮಾಡುವಂತಿಲ್ಲ. ಮಗಳು ಅನನ್ಯಾ ಶಾಲೆಗೆ, ಇವರು ಕಚೇರಿಗೆ ಹೋದ ಮೇಲೆ, ಕಾರು ಓಡಿಸಲು ಬಾರದ ನಾನು ಮನೆಯಲ್ಲೇ ಕೂತಿರುತ್ತಿದ್ದೆ.

ಆ ಶನಿವಾರ ಬಾಗಿಲು ತೆರೆದು ನಿಂತಾಗ ರಸ್ತೆಯಾಚೆಯಿಂದ ಬಿಸಿ ಹಬೆಯ ಜೊತೆ ಹುರಿದ ಗೋಧಿಯ ಪರಿಮಳ ಬಂತು. ಗೋಧಿ ಹುಗ್ಗಿಯ ಪಾತ್ರೆಯನ್ನು ಈಗ ತಾನೇ ಒಲೆಗಿಟ್ಟಂತೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಎದುರು ಮನೆಯ ಗ್ಯಾರೇಜಿನ ಬಾಗಿಲು ಪೂರ್ತಿ ಮೇಲಿತ್ತು. ಒಳಗೆ ದೊಡ್ಡ ಪಾತ್ರೆಯೊಂದು ಕುದಿಯುತ್ತಿತ್ತು. ಉದ್ದ ಸೌಟು ಹಿಡಿದ, ಎಪ್ಪತ್ತು ದಾಟಿದ ಬಿಳಿಗೂದಲಿನವರು ನಕ್ಕು, ಕಳೆದ ತಿಂಗಳು ತಾವೇ ಮಾಡಿದ್ದೆಂದು ಹೇಳಿ ಲೋಟ ಕೊಟ್ಟರು. ಅವರೇ ವಾಲ್ಟ್.

ಕುಡಿಯಲಿಲ್ಲ. ಮೂಗಿಗೆ ಹಿಡಿದೆ, ಅಭ್ಯಾಸಬಲ. “ಗೋಧಿ,” ಎಂದೆ. “ಕಿತ್ತಳೆ ಸಿಪ್ಪೆ. ಮತ್ತೆ...” ಕೊತ್ತಂಬರಿ ಬೀಜಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಕ್ಷಣಕ್ಕೆ ಮರೆತುಹೋಯಿತು. ಮನೆಗೆ ಓಡಿ ಡಬ್ಬಿಯನ್ನೇ ತಂದು ತೋರಿಸಿದೆ. ಅವರು ಸೌಟು ಕೆಳಗಿಟ್ಟರು. (ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತೇನೆ.) “ನಮ್ಮ ಕ್ಲಬ್ಬಿನಲ್ಲಿ ಹನ್ನೆರಡು ಜನ ಇದ್ದಾರೆ. ಒಬ್ಬರೂ ಇದನ್ನು ಹೇಳಿರಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಬನ್ನಿ.”

ಇಲ್ಲಿ ಮನೆಯಲ್ಲೇ ಬಿಯರು ಮಾಡುವವರನ್ನು ಹೋಮ್‌ಬ್ರೂವರ್ ಎನ್ನುತ್ತಾರೆ. ಮಾರುವಂತಿಲ್ಲ, ಹಾಗಾಗಿ ಬದಲಾಯಿಸಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ಬಾಟಲಿಗಳನ್ನು ತಂದು, ಚಿಕ್ಕ ಚಿಕ್ಕ ಲೋಟದಲ್ಲಿ ಎಲ್ಲರಿಗೂ ರುಚಿ ತೋರಿಸಿ, ಹೋಗುವಾಗ ಇನ್ನೊಬ್ಬರ ಬಾಟಲಿ ಒಯ್ಯುತ್ತಾರೆ. ನಮ್ಮ ಓಣಿಯಲ್ಲಿ ಹೋಳಿಗೆ ಬಂದ ಬಟ್ಟಲನ್ನು ಖಾಲಿ ವಾಪಸು ಕೊಡುತ್ತೇವೆಯೇ? ಅದೇ ಲೆಕ್ಕ. ನಾನು ಶೇಂಗಾ ಚಟ್ನಿಪುಡಿ ಒಯ್ದೆ. ಮೇಜಿನ ಕೆಳಗೆ ಉಳಿದದ್ದನ್ನು ಸುರಿಯಲೊಂದು ಬಕೆಟ್ಟಿತ್ತು, ಅದನ್ನು ನೋಡಿ ಸಮಾಧಾನವಾಯಿತು. ಮೂಗಿಗೆ ಹಿಡಿ, ಒಂದು ಹನಿ ನಾಲಗೆಗೆ, ಉಗುಳು. ಡೇರಿಯದೇ ಕೆಲಸ. ಆ ಮಧ್ಯಾಹ್ನ ಹನ್ನೆರಡು ಜನ ನನ್ನ ಬಾಯಿಂದ ಏನು ಬರುತ್ತದೆಂದು ಕಾದು ಕೂತಿದ್ದರು. ಡೇರಿ ಬಿಟ್ಟ ಮೇಲೆ ಹಾಗೆ ಯಾರೂ ಕಾದಿರಲಿಲ್ಲ.

ಮನೆಯಲ್ಲಿ ಸಲೀಸಾಗಿ ನಡೆಯಲಿಲ್ಲ.

“ಶೈಲಾ, ನೀ ಬಿಯರ್ ಕುಡಿಯೂ ಮಂದಿ ಜೋಡಿ ಕುಂತಿದ್ದಿ ಅಂತ ಕನ್ನಡ ಕೂಟದಾಗ ಗೊತ್ತಾದ್ರ ಏನಂದಾರು?” ಎಂದರು ಇವರು.

“ನಾ ಕುಡಿಯಂಗಿಲ್ರೀ. ಉಗುಳತೀನಿ.”

“ಅದನ್ನ ಮಂದಿಗೆ ಹೆಂಗ ಹೇಳ್ಲಿ ನಾ?”

“ಅಪ್ಪಾ, ಶೀ ಈಸ್ ಹ್ಯಾಪಿ. ಲೆಟ್ ಹರ್ ಗೋ,” ಎಂದಳು ಅನನ್ಯಾ, ತಟ್ಟೆಯಿಂದ ತಲೆ ಎತ್ತದೆ. ಇವರು ಮತ್ತೆ ತಡೆಯಲಿಲ್ಲ. ಕೂಟದಲ್ಲಿ ನಾನು ಈ ವಿಷಯ ಎತ್ತಲಿಲ್ಲ.

ಒಂದು ವರ್ಷ ಹೀಗೇ ಹೋಯಿತು. ಎರಡನೆಯ ಬೇಸಿಗೆಯಲ್ಲಿ ವಾಲ್ಟ್ ಅವರ ಬಾಟಲಿಯೊಂದರಲ್ಲಿ ಹಳಸಲು ಬೆಣ್ಣೆಯ ವಾಸನೆ ಬಂತು. ಮುಂದಿನ ತಿಂಗಳು ಹುಳಿ. ಅದರ ಮುಂದಿನ ತಿಂಗಳು ಸ್ಪಷ್ಟವಾಗಿ ವಿನಿಗರ್. ನಾನು ಸುತ್ತ ನೋಡಿದೆ. ಎಲ್ಲರೂ “ಇಂಟರೆಸ್ಟಿಂಗ್” ಎಂದರು. ಆಸಕ್ತಿ ಹುಟ್ಟಿಸುವಂಥದ್ದು ಎಂದು ನಾವು ಶಾಲೆಯಲ್ಲಿ ಕಲಿತ ಪದ. ಇಲ್ಲಿ ಎದುರಿನವರ ಮನಸ್ಸು ನೋಯಬಾರದು, ಸುಳ್ಳೂ ಹೇಳಬಾರದು ಎಂದಾಗ ಈ ಪದ ಹೇಳಿ ಪಾರಾಗುತ್ತಾರೆ. ನಮ್ಮ ಕಡೆ ಸಾರಿಗೆ ಉಪ್ಪು ಹೆಚ್ಚಾದರೆ ಬಂದ ನೆಂಟರೇ ಮೊದಲು ಹೇಳುತ್ತಾರೆ. ಆ ದಿನ ನಾನೂ ‘ಇಂಟರೆಸ್ಟಿಂಗ್’ ಎಂದೆ. ಇಂಗ್ಲಿಷ್ ಕಲಿತೆನೆಂದು ಒಳಗೊಳಗೇ ಹೆಮ್ಮೆಯಾಯಿತು ಕೂಡ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊರಗೆ ಬಂದಾಗ ಡೆಬ್ರಾ ತನ್ನ ಕಾರಿನ ಪಕ್ಕ ನಿಂತು ವಾಲ್ಟ್ ಕೊಟ್ಟ ಬಾಟಲಿಯನ್ನು ಚರಂಡಿಗೆ ಸುರಿಯುತ್ತಿದ್ದಳು. ನನ್ನದೇ ವಯಸ್ಸಿನ ಶಾಲಾ ಶಿಕ್ಷಕಿ, ಕ್ಲಬ್ಬಿನಲ್ಲಿ ನನಗೆ ಹೆಚ್ಚು ಹತ್ತಿರದವಳು. ಸಿಕ್ಕಿಬಿದ್ದವಳಂತೆ ನನ್ನನ್ನು ನೋಡಿದಳು.

“ಯಾಕೆ ಯಾರೂ ಅವರಿಗೆ ಹೇಳುವುದಿಲ್ಲ?” ಎಂದೆ.

“ನಮಗೆಲ್ಲ ಬಿಯರು ಮಾಡಲು ಕಲಿಸಿದವರೇ ಅವರು. ಯಾವ ಬಾಯಲ್ಲಿ ಹೇಳುವುದು? ಅದೂ ಈಗ?”

‘ಈಗ’ ಎಂದರೆ, ಮೂರು ವಾರದಲ್ಲಿ ವಾಲ್ಟ್ ಅವರ ಮಗಳು ಸೂಸನ್ನಳ ಮದುವೆ. ಆಸ್ಟಿನ್ನಿನಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಅವರಿಗಿದ್ದವಳು ಅವಳೊಬ್ಬಳೇ. ಅಪ್ಪನ ಬಿಯರೇ ಬೇಕೆಂದು ಮಗಳು ಕೇಳಿದ್ದಳಂತೆ. ನೂರು ಬಾಟಲಿ ತುಂಬಿ, ಪ್ರತಿಯೊಂದಕ್ಕೂ ಅವಳ ಹೆಸರಿನ ಚೀಟಿ ಅಂಟಿಸಿ, ಗ್ಯಾರೇಜಿನಲ್ಲಿ ಸಾಲಾಗಿ ಇಟ್ಟಿದ್ದರು. ಎಲ್ಲವೂ ಆ ವಿನಿಗರಿನ ಬಾಟಲಿಯ ಜೊತೆ ಒಂದೇ ಪಾತ್ರೆಯಿಂದ ತುಂಬಿದವು.

ಮರುದಿನ ಬೆಳಿಗ್ಗೆ ರಸ್ತೆ ದಾಟಿ ಹೋದೆ. “ವಾಲ್ಟ್, ಮದುವೆಯ ಬಿಯರು ಕೆಟ್ಟಿದೆ,” ಎಂದೆ. ನಯವಾಗಿ ಹೇಳುವ ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ.

ಅವರಿಗೆ ಸಿಟ್ಟು ಬಂತು. “ನಿನ್ನೆ ಹನ್ನೊಂದು ಜನ ಕುಡಿದರು. ಒಬ್ಬರೂ ಏನೂ ಹೇಳಲಿಲ್ಲ.” ಒಂದು ಬಾಟಲಿ ತೆರೆದರು. ಮೂಗಿಗೆ ಹಿಡಿದರು. ಇನ್ನೊಮ್ಮೆ ಹಿಡಿದರು. “ಏನೂ ಇಲ್ಲವಲ್ಲ.”

ಆ ‘ಏನೂ ಇಲ್ಲ’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಕೆಟ್ಟ ವಾಸನೆ ಇಲ್ಲ ಎಂದಲ್ಲ, ಏನೂ ಇಲ್ಲ ಎಂದು. ಮನೆಗೆ ಹೋಗಿ ಇಂಗಿನ ಡಬ್ಬಿ ತಂದೆ. ಧಾರವಾಡದಿಂದ ಬರುವಾಗ ನಾಲ್ಕು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರೂ ಸೂಟ್‌ಕೇಸಿನ ಬಟ್ಟೆಗೆಲ್ಲ ಹತ್ತಿದ್ದ ಇಂಗು.

“ಕಣ್ಣು ಮುಚ್ಚಿ,” ಎಂದೆ. ಮುಚ್ಚಿದರು. ಡಬ್ಬಿಯನ್ನು ಅವರ ಮೂಗಿನ ಕೆಳಗೆ ಹಿಡಿದೆ. ನನಗೇ ತಲೆ ತಿರುಗುವಷ್ಟು ಘಾಟು.

ಅವರು ಕಾದರು. ಸ್ವಲ್ಪ ಹೊತ್ತಿನ ಮೇಲೆ, “ಡಬ್ಬಿ ತೆರೆದಿರಾ?” ಎಂದು ಕೇಳಿದರು.

ಕಣ್ಣು ಬಿಟ್ಟು ಅವರೇ ನೋಡಿದರು. ಡಬ್ಬಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ಗ್ಯಾರೇಜಿನ ನೆಲದ ಮೇಲೆ ಹಾಗೇ ಕುಳಿತುಬಿಟ್ಟರು.

ತಪ್ಪು ಎಲ್ಲಿತ್ತೆಂಬುದು ಸುಲಭವಾಗಿ ಸಿಕ್ಕಿತು. ಹಾಲಿನ ಕ್ಯಾನಿನಲ್ಲಿ ಯಾವಾಗಲೂ ಮುಚ್ಚಳದ ರಬ್ಬರೇ ಕಳ್ಳ. ಇಲ್ಲಿ ಬಿಯರನ್ನು ಬಾಟಲಿಗೆ ಇಳಿಸುವ ಪ್ಲಾಸ್ಟಿಕ್ ಕೊಳವೆ. ಒಳಗೆಲ್ಲ ಲೋಳೆ ಕಟ್ಟಿ ನಾರುತ್ತಿತ್ತು. ಮೂಗಿದ್ದ ಯಾರೇ ಆದರೂ ಎಸೆದುಬಿಡುತ್ತಿದ್ದರು. ಹೊಸ ಕೊಳವೆ ತರಬಹುದು. ಆದರೆ ಹೊಸ ಬಿಯರು ಹದಕ್ಕೆ ಬರಲು ಐದು ವಾರವಾದರೂ ಬೇಕು. ಮದುವೆಗೆ ಇದ್ದದ್ದು ಮೂರು. ಮೂಗಿಗಂತೂ ಏನು ತರಲಿ?

ಡೇರಿಯಲ್ಲಿ ನಾನು ‘ವಾಪಸು’ ಎಂದಾಗ ಕ್ಯಾನು ಟೆಂಪೊ ಹತ್ತಿ ಹೋಗುತ್ತಿತ್ತು. ಅದರ ಹಿಂದೆ ಹೋದ ಮನುಷ್ಯ ಆ ದಿನ ಮನೆಯಲ್ಲಿ ಏನು ಹೇಳಿದ, ಹೇಗೆ ಉಂಡ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿದವಳಲ್ಲ. ಇಲ್ಲಿ ಆ ಮನುಷ್ಯ ನನ್ನ ಎದುರು ಮನೆಯಲ್ಲೇ ಇದ್ದರು. ಕಿಟಕಿಯಿಂದ ದಿನವೂ ಕಾಣುತ್ತಿದ್ದರು.

ನೂರು ಬಾಟಲಿಗಳನ್ನು ನಾವಿಬ್ಬರೂ ಸೇರಿ ಸುರಿದೆವು. ಒಂದು ಇಡೀ ಬೆಳಗು ಹಿಡಿಯಿತು. ಡೆಬ್ರಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅತ್ತಳು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಮುಂದಿನ ಭಾನುವಾರ ಕ್ಲಬ್ಬಿನವರೆಲ್ಲ ತಮ್ಮ ತಮ್ಮ ಮನೆಯಲ್ಲಿದ್ದ ಒಳ್ಳೆಯ ಬಾಟಲಿಗಳನ್ನು ಹೊತ್ತು ತಂದರು. ಈ ಸಲ ಯಾರೂ ಬದಲಿಗೆ ಏನೂ ಒಯ್ಯಲಿಲ್ಲ. ನಾನು ಒಂದೊಂದನ್ನೂ ನೋಡಿ ಆರಿಸಿದೆ.

“ಬೇರೆಯವರ ಬಿಯರಿಗೆ ನನ್ನ ಮಗಳ ಚೀಟಿ ಅಂಟಿಸುವುದೇ?” ಎಂದರು ವಾಲ್ಟ್. ಬೇಡವೆನ್ನುವ ಶಕ್ತಿ ಅವರಲ್ಲಿರಲಿಲ್ಲ. ಅಂಟಿಸಲು ಕೂತರು. ಆಗಲೇ ನಾನು ಗಮನಿಸಿದ್ದು: ಅವರ ಬಲಗೈ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಚೀಟಿಗಳು ಸೊಟ್ಟಗೆ ಕೂರುತ್ತಿದ್ದವು. ನಾನು ಸರಿಮಾಡಲು ಹೋಗಲಿಲ್ಲ.

ಡೆಬ್ರಾಳ ಕಾರಿನಲ್ಲಿ ಆಸ್ಟಿನ್ನಿಗೆ ಹೋದೆ. ಇವರು ಬರಲಿಲ್ಲ, ಆದರೆ “ಹುಡುಗಿಗೆ ಕೊಡು” ಎಂದು ಇಳಕಲ್ ಸೀರೆಯೊಂದನ್ನು ಕೊಟ್ಟು ಕಳಿಸಿದರು. ಓಕ್ ಮರಗಳ ಕೆಳಗೆ ಉದ್ದ ಮೇಜು, ಬಾಟಲಿಗಳು, ನಗು. ಎಲ್ಲರೂ ವಾಲ್ಟ್ ಅವರ ಕೈ ಕುಲುಕಿ ಬಿಯರನ್ನು ಹೊಗಳಿದರು. ಅವರು ತಲೆಯಾಡಿಸುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತರು.

“ಹೇಗಿದೆ, ಹೇಳಿ,” ಎಂದು ಲೋಟವನ್ನು ನನ್ನ ಮೂಗಿನ ಹತ್ತಿರ ತಂದರು.

“ಬ್ರೆಡ್,” ಎಂದೆ. “ನಿಂಬೆ. ಆಮೇಲೆ...” ಇಂಗ್ಲಿಷ್ ಅಲ್ಲಿಗೇ ಮುಗಿಯಿತು. ಮೂಗಿನಲ್ಲಿ ಇನ್ನೂ ಎಷ್ಟೋ ಇತ್ತು.

“ನಿಮ್ಮ ಭಾಷೆಯಲ್ಲಿ ಹೇಳಿ.”

“ಕಣದಾಗ ಬಿಸಲಿಗೆ ಹಾಕಿದ ಗೋಧಿ ಇರತಾವಲ್ರೀ,” ಎಂದೆ, “ಸಂಜೀಕ ರಾಶಿಯೊಳಗ ಕೈ ಹಾಕಿದ್ರ ಇನ್ನೂ ಬೆಚ್ಚಗಿರತಾವ. ಹಂಗ ಐತಿ.”

ಅವರು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಅವರಿಗೆ ಏನು ತಲುಪಿತೋ, ತಲುಪಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮದುವೆಯಾದ ಮೇಲೆ ಡಾಕ್ಟರರ ಬಳಿ ಹೋದರು. ಅದು ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆಯ ಆರಂಭ. ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ಮೂಗು ಹೋಗುವುದುಂಟಂತೆ. ಬೇಗ ಗೊತ್ತಾದದ್ದು ಒಳ್ಳೆಯದಾಯಿತೆಂದು ಎಲ್ಲರೂ ನನಗೆ ಹೇಳಿದರು. ಗೊತ್ತಾಗಿ ಆದದ್ದೇನು? ಔಷಧಿ ಕೊಟ್ಟರು, ಕಾಯಿಲೆ ತನ್ನ ಪಾಡಿಗೆ ಮುಂದುವರಿಯಿತು. ಎಂಟು ತಿಂಗಳಿಗೆ ಮಗಳು ಬಂದು ಅವರನ್ನು ಆಸ್ಟಿನ್ನಿನ ವೃದ್ಧರ ಆರೈಕೆಯ ಮನೆಯೊಂದಕ್ಕೆ ಸೇರಿಸಿದಳು. ಗ್ಯಾರೇಜಿನ ಸಾಮಾನುಗಳನ್ನು ಕ್ಲಬ್ಬಿನವರಿಗೆ ಹಂಚಿದರು. ದೊಡ್ಡ ಪಾತ್ರೆ ನನಗೆ ಬಂತು. ಕನ್ನಡ ಕೂಟದ ಯುಗಾದಿ ಊಟಕ್ಕೆ ಅದರಲ್ಲೇ ಕಟ್ಟಿನ ಸಾರು ಮಾಡಿದೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಪಾತ್ರೆ ಎಲ್ಲಿಯದೆಂದು ನಾನು ಹೇಳಲಿಲ್ಲ. ಇವರು ನನ್ನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕರು.

ಕಳೆದ ತಿಂಗಳು ಡೆಬ್ರಾಳ ಜೊತೆ ವಾಲ್ಟ್ ಅವರನ್ನು ನೋಡಲು ಹೋಗಿದ್ದೆ. ತೂಕ ಇಳಿದಿದ್ದಾರೆ, ಮಾತು ನಿಧಾನವಾಗಿದೆ. ಲೋಟ ಹಿಡಿಯಲು ಎರಡೂ ಕೈ ಬೇಕು. ಸೋಂಕಿನ ಭಯಕ್ಕೋ ಏನೋ ಅಲ್ಲಿ ನೆಲವನ್ನು ಗಂಟೆಗೊಮ್ಮೆ ಒರೆಸುತ್ತಾರೆ. ಹೊಸದಾಗಿ ಬಂದಿದ್ದ ನರ್ಸ್ ಮಾತ್ರೆ ಕೊಡುತ್ತಾ ನನ್ನನ್ನು ಕೇಳಿದಳು, “ನೀವು ಯಾವ ಊರಿನವರು?”

“ದ ವುಡ್‌ಲ್ಯಾಂಡ್ಸ್,” ಎಂದೆ. ಯೋಚಿಸಲೂ ಇಲ್ಲ.

ವಾಲ್ಟ್ ತಲೆ ಎತ್ತಿದರು. “ಅಲ್ಲ, ಅಲ್ಲ,” ಎಂದರು. ಪದ ಹೊರಗೆ ತರಲು ಬಹಳ ಹೊತ್ತು ಹೆಣಗಿದರು. ನಾನು ಸಹಾಯ ಮಾಡಬಹುದಿತ್ತು, ಮಾಡಲಿಲ್ಲ. “ಡಾ-ವಾಡ್,” ಎಂದರು ಕೊನೆಗೆ. “ಇವರು ಡಾವಾಡಿನವರು.”

ನರ್ಸ್ ನನ್ನ ಮುಖ ನೋಡಿದಳು, ಯಾವುದು ಸರಿ ಎಂದು ಕೇಳುವಂತೆ. ನಾನು ಹೌದೆಂದು ತಲೆಯಾಡಿಸಿದೆ. ಎರಡರಲ್ಲಿ ಯಾವುದಕ್ಕೆ ಹೌದೆಂದೆನೋ ನನಗೇ ಖಾತ್ರಿಯಿರಲಿಲ್ಲ.